ಹೊರಗಿನ ನೀರು

ನನ್ನ ಹೆಂಡತಿ ಚನ್ನವೀರಮ್ಮ ಮನೆ ಬಿಟ್ಟು ಹೊರಗೆ ಒಂದು ಗುಟುಕು ನೀರು ಕುಡಿದವಳಲ್ಲ. ಇದನ್ನು ಹೊಗಳಿಕೆ ಅಂತ ತಿಳಿಯಬೇಡಿ. ಮದುವೆಯಾದಾಗಿನಿಂದ ಇದರ ಕಾಟ ಉಂಡವನು ನಾನು. ಬೀಗರ ಮನೆಗೆ ಹೋದರೂ ಚೀಲದಲ್ಲಿ ನೀರಿನ ಬಾಟ್ಲಿ, ಲಗ್ನಕ್ಕೆ ಹೋದರೂ ಬುತ್ತಿಗಂಟು. ಸಿರುಗುಪ್ಪದ ಅವಳ ಅಣ್ಣನ ಮನೆಯಲ್ಲಿ ಮಾತ್ರ ಉಣ್ಣುತ್ತಾಳೆ. ಅದೂ ಅತ್ತಿಗೆ ಸ್ನಾನ ಮಾಡಿ, ಲಿಂಗಪೂಜೆ ಮುಗಿಸಿ, ಒಲೆಗೆ ವಿಭೂತಿ ಹಚ್ಚಿದ್ದನ್ನು ಕಣ್ಣಾರೆ ನೋಡಿದ ಮೇಲೆ. ನಾನು ಏನಾದರೂ ಅಂದರೆ "ಊಟ ಬಲ್ಲವನಿಗೆ ರೋಗ ಇಲ್ಲ" ಅಂತ ಗಾದೆ ಹೇಳಿ ಬಾಯಿ ಮುಚ್ಚಿಸುತ್ತಾಳೆ. ಆ ಗಾದೆಯ ಉಳಿದರ್ಧ, ಮಾತು ಬಲ್ಲವನಿಗೆ ಜಗಳ ಇಲ್ಲ ಅನ್ನೋದನ್ನು ನಾನು ಹೇಳುವಷ್ಟರಲ್ಲಿ ಜಗಳ ಶುರುವಾಗಿರುತ್ತದೆ.

ನಾನು ದೊಡ್ಡಬಸವರಾಜ. ಬಳ್ಳಾರಿಯ ಬ್ರೂಸ್‌ಪೇಟೆಯಲ್ಲಿ ನನ್ನದು ಒಣಮೆಣಸಿನಕಾಯಿ, ಹುಣಸೆಹಣ್ಣಿನ ಅಂಗಡಿ. ದಿನವಿಡೀ ಮೆಣಸಿನಕಾಯಿ ಘಾಟಿನಲ್ಲಿ ಕೂತವನ ನಾಲಿಗೆ ಖಾರ ಇರದೆ ಇನ್ನೇನಿದ್ದೀತು? ಮನೆ ಸತ್ಯನಾರಾಯಣಪೇಟೆಯಲ್ಲಿ. ನಮಗೆ ಒಬ್ಬಳೇ ಮಗಳು, ಅಕ್ಷತಾ. ಸಣ್ಣವಳಿದ್ದಾಗಿನಿಂದಲೂ ಡಾಕ್ಟರ್ ಆಗ್ತೀನಿ ಅಂತ ಹಟ. ಇಲ್ಲಿ ಸೀಟು ಸಿಗಲಿಲ್ಲ. ನಮ್ಮ ಓಣಿಯ ಹುಡುಗರು ಆಗಲೇ ಹೋಗಿದ್ದ ಕಿರ್ಗಿಸ್ತಾನ ಅನ್ನೋ ದೇಶಕ್ಕೆ, ಬಿಷ್ಕೆಕ್ ಅನ್ನೋ ಊರಿಗೆ ಇವಳೂ ಹೊರಟಳು. ಆ ಊರಿನ ಹೆಸರು ನನ್ನ ನಾಲಿಗೆ ಮೇಲೆ ಸರಿಯಾಗಿ ನಿಲ್ಲುವ ಹೊತ್ತಿಗೆ ಮಗಳ ವೀಸಾ ಬಂದಿತ್ತು.

ಹೊರಡುವ ದಿನ ಬೆಳಿಗ್ಗೆ ಚನ್ನವೀರಮ್ಮ ಮಗಳನ್ನು ದೇವರ ಜಗಲಿ ಮುಂದೆ ಕೂರಿಸಿದಳು. ಎರಡು ದೊಡ್ಡ ಡಬ್ಬಿ ತುಂಬ ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಮಾವಿನಕಾಯಿ ಉಪ್ಪಿನಕಾಯಿ ಆಗಲೇ ಕಟ್ಟಿ ಆಗಿತ್ತು. ಹಣೆಗೆ ವಿಭೂತಿ ಹಚ್ಚಿ, ಮಗಳ ಬಲಗೈ ಹಿಡಿದು ತನ್ನ ತಲೆ ಮೇಲೆ ಇಟ್ಟುಕೊಂಡಳು.

"ಆ ಊರಾಗ ಕುದುರಿ ತಿಂತಾರಂತ. ಅವರ ಒಲಿಮ್ಯಾಲಿಂದು ಒಂದು ಅಗುಳೂ ಮುಟ್ಟಾಂಗಿಲ್ಲ. ಅಲ್ಲಿ ನಳದ ನೀರು ಕುಡ್ಯಾಂಗಿಲ್ಲ. ನಾ ಕಳಿಸಿದ್ದು ತಿನ್ನು, ಸೀಲ್ ಇದ್ದ ಬಾಟ್ಲಿ ನೀರು ಕುಡಿ. ನೀರು ಬದಲಾದ್ರ ಮೈ ಕೆಡತೈತಿ. ನನ್ನ ಆಣಿ ಐತಿ ನಿನಗ."

"ಹೂಂ ಅವ್ವಾ."

"ಹೂಂ ಅಲ್ಲ. ಬಾಯಿಬಿಟ್ಟು ಹೇಳು."

"ನಿನ್ನ ಆಣಿಗೂ ಮುಟ್ಟಂಗಿಲ್ಲವ್ವ."

ಪಕ್ಕದಲ್ಲಿ ನಿಂತಿದ್ದ ನಾನು ನಕ್ಕೆ. ಹೊಟ್ಟೆ ಹಸಿದಾಗ ಆಣೆ ಯಾರು ನೆನಸುತ್ತಾರೆ ಬಿಡು ಅಂದುಕೊಂಡೆ. ಊರಿಗೆಲ್ಲ ಖಾರದ ಲೆಕ್ಕ ಹೇಳುವ ನನಗೆ ನನ್ನ ಮಗಳ ಲೆಕ್ಕ ಗೊತ್ತಿರಲಿಲ್ಲ.

ಬಿಷ್ಕೆಕ್‌ನ ಗಡಿಯಾರ ನಮ್ಮದಕ್ಕಿಂತ ಅರ್ಧ ತಾಸು ಮುಂದೆ, ಅಷ್ಟೇ. ಹಾಗಾಗಿ ದಿನಾ ಸಂಜೆ ಅಂಗಡಿ ಮುಚ್ಚಿ ಮನೆಗೆ ಬರುವ ಹೊತ್ತಿಗೆ ವಿಡಿಯೋ ಕಾಲ್. ತಾಯಿಯ ಮೊದಲ ಮಾತು "ಏನ್ ತಿಂದಿ?", ಮಗಳ ಉತ್ತರ "ರೊಟ್ಟಿ, ಹಿಂಡಿ". ಮರುದಿನವೂ ಅದೇ. ಡಬ್ಬಿ ಬರಿದಾಗುವ ಮೊದಲೇ ನಾನು ಕೊರಿಯರ್ ಮಾಡುತ್ತಿದ್ದೆ. ಹಾಸ್ಟೆಲಿನ ಅಡುಗೆಮನೆಯಲ್ಲಿ ನೀರು ಕಾಯಿಸುವ ಕೆಟಲ್ ಇತ್ತಂತೆ. ಆದರೆ ಅದರಲ್ಲಿ ಯಾರೋ ಮೊಟ್ಟೆ ಬೇಯಿಸುತ್ತಿದ್ದರಂತೆ. ಆ ಸುದ್ದಿ ಕೇಳಿದ ದಿನ ಚನ್ನವೀರಮ್ಮ ಫೋನಿಗೇ ವಿಭೂತಿ ಹಚ್ಚುವುದೊಂದು ಬಾಕಿ. ಅವತ್ತಿನಿಂದ ಮಗಳು ಆ ಕೆಟಲ್ ಕಡೆ ಕಣ್ಣೆತ್ತಿ ನೋಡಲಿಲ್ಲ.

ಚಳಿ ಜೋರಾಯಿತು. ಕಿಟಕಿ ಹೊರಗೆ ಹಿಮ ಬಿದ್ದದ್ದನ್ನು ತೋರಿಸಿದಳು. ಆ ಬಿಳುಪಿನ ಮುಂದೆ ಅವಳ ಮುಖ ನೋಡಿ ನನಗೆ ಕಸಿವಿಸಿಯಾಯಿತು. ತುಟಿ ಒಡೆದಿತ್ತು. ಕೊರಳ ಕೆಳಗಿನ ಎಲುಬು ಎದ್ದು ಕಾಣುತ್ತಿತ್ತು.

"ಏ ಇವಳೇ, ಹುಡುಗಿ ಕಡ್ಡಿ ಆಗ್ಯಾಳ ನೋಡು" ಅಂದೆ.

"ಫೋನಿನಾಗ ಹಂಗ ಕಾಣತೈತಿ. ಓದೋ ಹುಡುಗ್ಯಾರು ಸಣ್ಣ ಆಗೋದ" ಅಂದಳು ಹೆಂಡತಿ.

"ನೀರು ಕುಡೀತಿಯೇನವ್ವ?" ಅಂತ ಮಗಳಿಗೆ ಕೇಳಿದೆ.

"ಕುಡೀತೀನಪ್ಪ. ಇಲ್ಲಿ ನೀರಡಿಕಿನ ಆಗಂಗಿಲ್ಲ. ಅಂಗಡಿ ದೂರ ಐತಿ, ರಸ್ತಾ ತುಂಬ ಬರ್ಫ. ದೊಡ್ಡ ಬಾಟ್ಲಿ ಹೊತ್ಕೊಂಡು ನಾಕನೇ ಮಹಡಿ ಹತ್ತೋದು ಕಷ್ಟ. ಇದ್ದದ್ದ ಸ್ವಲ್ಪ ಸ್ವಲ್ಪ ಕುಡೀತೀನಿ."

ಆ ಮಾತು ನನ್ನ ಎದೆಯಲ್ಲಿ ಮುಳ್ಳಿನಂತೆ ಉಳಿಯಿತು. ಬಳ್ಳಾರಿ ಬಿಸಿಲಲ್ಲಿ ಬೆಳೆದ ಹುಡುಗಿ. ಬೇಸಿಗೆಯಲ್ಲಿ ಕೊಡಪಾನ ಖಾಲಿ ಮಾಡುತ್ತಿದ್ದವಳು ಈಗ ನೀರನ್ನು ಎಣ್ಣೆಯಂತೆ ಹನಿಸಿಕೊಂಡು ಕುಡಿಯುತ್ತಿದ್ದಳು. ಹೆಂಡತಿಗೆ ಅಂದೆ, ಆಣಿ ತಗದುಬಿಡು ಅಂತ. "ನಿಮಗೇನ್ರೀ, ಹೋಟೆಲಿನ ವಗ್ಗರಣಿ ಮಿರ್ಚಿ ತಿಂದು ಬೆಳೆದ ಮಂದಿ" ಅಂದಳು.

ಫೆಬ್ರವರಿಯಲ್ಲಿ ಒಂದು ಬೆಳಿಗ್ಗೆ ಅಂಗಡಿಯ ಬಾಗಿಲು ತೆಗೆದು ಗಲ್ಲಾಪೆಟ್ಟಿಗೆಗೆ ಊದುಬತ್ತಿ ಹಚ್ಚುತ್ತಿದ್ದೆ. ಗೊತ್ತಿಲ್ಲದ ನಂಬರಿನಿಂದ ಫೋನ್ ಬಂತು. ಹುಡುಗಿಯ ದನಿ, ತೆಲುಗು.

"ಅಂಕುಲ್, ನೇನು ವಿಜಯಲಕ್ಷ್ಮಿ. ಅಕ್ಷತಾ ರೂಮ್‌ಮೇಟ್. ಮೀರು ಕಂಗಾರು ಪಡಕಂಡಿ."

ಗಾಬರಿಯಾಗಬೇಡಿ ಅಂತ ಯಾರಾದರೂ ಮೊದಲೇ ಹೇಳಿದರೆ ಎದೆ ಧಸಕ್ ಅನ್ನದೆ ಇರುತ್ತದೆಯೇ? ಕೈಯಲ್ಲಿದ್ದ ಊದುಬತ್ತಿ ಹುಣಸೆಹಣ್ಣಿನ ಬುಟ್ಟಿಗೆ ಬಿತ್ತು. ಗುಂಟೂರು ಮೆಣಸಿನಕಾಯಿ ವ್ಯಾಪಾರದಿಂದ ಕಲಿತ ನನ್ನ ತೆಲುಗು ಅವತ್ತು ಬಾಯಿಗೆ ಬರಲಿಲ್ಲ. ಕನ್ನಡದಲ್ಲೇ "ಏನಾತವ್ವಾ, ಬಿಡಿಸಿ ಹೇಳು" ಅಂತ ಕೂಗಿದೆ. ಆದವಾನಿ ಕಡೆಯ ಹುಡುಗಿ, ಅವಳಿಗೂ ಕನ್ನಡ ಬರುತ್ತಿತ್ತು. ಹೇಳಿದಳು. ಅಕ್ಷತಾಗೆ ರಾತ್ರಿಯಿಂದ ಸೊಂಟದ ಪಕ್ಕೆಯಲ್ಲಿ ನೋವು, ಚಳಿಜ್ವರ. ಬೆಳಿಗ್ಗೆ ಕ್ಲಾಸಿಗೆ ಹೊರಟವಳು ಮೆಟ್ಟಿಲ ಮೇಲೆ ಬಿದ್ದಿದ್ದಾಳೆ. ಆಸ್ಪತ್ರೆಗೆ ಸೇರಿಸಿದ್ದಾರೆ. ಕಿಡ್ನಿಯಲ್ಲಿ ಹರಳು, ಅದರ ಮೇಲೆ ಸೋಂಕು. ಮೈಯಲ್ಲಿ ರಕ್ತವೂ ಕಮ್ಮಿ.

ಅಂಗಡಿಗೆ ಬೀಗ ಹಾಕಿದೆನೋ ಇಲ್ಲವೋ ಈಗಲೂ ನೆನಪಿಲ್ಲ. ಮನೆಗೆ ಬಂದು ಹೆಂಡತಿಗೆ ಹೇಳಿದೆ. ರೊಟ್ಟಿ ಬಡಿಯುತ್ತಿದ್ದವಳು ಕೈ ಹಿಟ್ಟಿನಲ್ಲೇ ಇಟ್ಟುಕೊಂಡು ಕೂತಳು. ಹಂಚಿನ ಮೇಲಿನ ರೊಟ್ಟಿ ಕರ್ರಗೆ ಸುಟ್ಟು ಮನೆ ತುಂಬ ಹೊಗೆಯಾಯಿತು. ಒಲೆ ಆರಿಸಿದ್ದು ನಾನು.

ಹೋಗೋಣ ಅಂದರೆ ನಮ್ಮಿಬ್ಬರಿಗೂ ಪಾಸ್‌ಪೋರ್ಟ್ ಇಲ್ಲ. ಅವಳನ್ನೇ ಕರೆಸೋಣ ಅಂದರೆ ಜ್ವರ ಇಳಿಯುವ ತನಕ ವಿಮಾನ ಹತ್ತುವಂತಿಲ್ಲ ಅಂದರು ಅಲ್ಲಿನ ಡಾಕ್ಟರಮ್ಮ. ಅವರ ರಷ್ಯನ್ ಮಾತನ್ನು ವಿಜಯಲಕ್ಷ್ಮಿ ಅರ್ಧ ತೆಲುಗು ಅರ್ಧ ಕನ್ನಡದಲ್ಲಿ ನಮಗೆ ದಾಟಿಸಿದಳು. ಸೋಂಕಿಗೆ ಔಷಧ ಏರಿಸುತ್ತಿದ್ದೇವೆ. ಆದರೆ ಹೊಟ್ಟೆಗೆ ಏನಾದರೂ ಬೀಳಲೇಬೇಕು, ನೀರು ಚೆನ್ನಾಗಿ ಕುಡಿಯಬೇಕು. ಈ ಒಣ ರೊಟ್ಟಿ, ಉಪ್ಪಿನಕಾಯಿ, ಶೇಂಗಾ ಹಿಂಡಿ ಸದ್ಯಕ್ಕೆ ಮುಟ್ಟಕೂಡದು. ಇಲ್ಲಿ ಸಿಗುವ ಬಿಸಿ ಸಾರು, ಮೊಸರು, ತಾಜಾ ರೊಟ್ಟಿ ತಿನ್ನಲಿ, ಕಾಯಿಸಿದ ನೀರು ಕುಡಿಯಲಿ. ಮಾಂಸ ಬೇಡವಾದರೆ ಬೇಡ, ಕಾಯಿಪಲ್ಯ ಬೇಕಾದಷ್ಟಿದೆ. ಆದರೆ ಈ ಹುಡುಗಿ ಬಾಟ್ಲಿ ನೀರು ಬಿಟ್ಟು ಇನ್ನೇನನ್ನೂ ಬಾಯಿಗೆ ಹಾಕುತ್ತಿಲ್ಲ. ಹೀಗೇ ಆದರೆ ಕಿಡ್ನಿಗೆ ಪೆಟ್ಟು ಬೀಳುತ್ತದೆ.

ಚನ್ನವೀರಮ್ಮ ಫೋನ್ ಕಸಿದುಕೊಂಡಳು. "ಅಕ್ಷೂ, ಆಣಿ ತಗದೀನವ್ವ. ತಿನ್ನು. ಏನ್ ಕೊಡ್ತಾರ ತಿನ್ನು."

ಹಾಸಿಗೆಯಲ್ಲಿ ಮಲಗಿದ್ದ ಮಗಳು ಕಣ್ಣು ತೆರೆದು ತಾಯಿಯನ್ನು ನೋಡಿದಳು. "ಹೂಂ ಅವ್ವಾ" ಅಂದಳು.

ಹೂಂ ಅಂದಳೇ ಹೊರತು ತಿನ್ನಲಿಲ್ಲ. ಮಧ್ಯಾಹ್ನ ವಿಜಯಲಕ್ಷ್ಮಿ ಫೋನ್ ಮಾಡಿ, ತಟ್ಟೆ ಹಾಗೇ ವಾಪಸ್ ಹೋಯ್ತು ಅಂಕಲ್ ಅಂದಳು. ಸಂಜೆಯದೂ ಹಾಗೇ. ಮರುದಿನ ಬೆಳಿಗ್ಗೆ ನಾನು ಹೆಂಡತಿ ಕೇಳಿಸಿಕೊಳ್ಳದಂತೆ ಮಾಳಿಗೆ ಹತ್ತಿ ಮಗಳಿಗೆ ಫೋನ್ ಮಾಡಿದೆ. ಮೆತ್ತಗೆ ಕೇಳಬೇಕು ಅಂತಲೇ ಹೋಗಿದ್ದೆ. ಆದರೆ ಬಾಯಿ ನನ್ನದು.

"ಏನಲೇ, ಸಾಯಬೇಕು ಅಂತ ಮಾಡೀಯೇನು? ಅವ್ವ ಆಣಿ ತಗದಾಳ ಅಂದಮ್ಯಾಲೆ ಇನ್ನೇನು ನಿನ್ನ ದೊಡ್ಡಸ್ತಿಕಿ?"

"ಅಂಜಿ ತಗದಾಳಪ್ಪ. ಮನಸಿನಿಂದ ತಗದಿಲ್ಲ. ಮುಖ ನೋಡಿದ್ರ ಗೊತ್ತಾಗತೈತಿ. ನಾ ತಿಂದು ಅವ್ವಗ ಏನರ ಆದ್ರ?"

"ಹುಚ್ಚಿ! ಡಾಕ್ಟರ್ ಓದಾಕತ್ತೀಯಲ್ಲ ನೀನು!"

"ತಲಿಗೆ ಗೊತ್ತೈತಪ್ಪ. ಗಂಟಲಿಗೆ ಗೊತ್ತಿಲ್ಲ. ಚಮಚ ಬಾಯಿಗೆ ತಂದ ಕೂಡ್ಲೆ ಅವತ್ತಿಂದು ನೆನಪಾಗತೈತಿ. ಅವ್ವ ಬಚ್ಚಲದಾಗ ಬಿದ್ದಿದ್ದು."

ನನಗೆ ಆಗ ತಿಳಿಯಿತು. ಅಕ್ಷತಾ ಐದನೇ ಇಯತ್ತೆ ಇದ್ದಾಗ ಸಾಲಿ ಮುಂದಿನ ಬಂಡಿಯ ಪಾನಿಪುರಿ ತಿನ್ನಬಾರದು ಅಂತ ತಾಯಿ ಆಣೆ ಇಟ್ಟಿದ್ದಳು. ಗೆಳತಿಯರ ಜೊತೆ ಹುಡುಗಿ ತಿಂದಳು. ಅದೇ ಸಂಜೆ ಚನ್ನವೀರಮ್ಮ ಬಚ್ಚಲದಲ್ಲಿ ಜಾರಿ ಮುಂಗೈ ಮುರಿದುಕೊಂಡಳು. ನೋವಿನ ಸಿಟ್ಟಿನಲ್ಲಿ "ನೀ ಆಣಿ ಮುರಿದಿದ್ದಕ್ಕ ನನಗ ಹಿಂಗಾತು" ಅಂದುಬಿಟ್ಟಳು. ನಾವು ಮರೆತೆವು, ಮುರಿದ ಎಲುಬೂ ಕೂಡಿಕೊಂಡಿತು. ಮಗಳೊಬ್ಬಳು ಮರೆತಿರಲಿಲ್ಲ. ಅವಳು ಈ ಚಳಿಗಾಲವಿಡೀ ಹಸಿದದ್ದು ನೇಮಕ್ಕಾಗಿ ಅಲ್ಲ, ತಾಯಿಯ ಜೀವಕ್ಕಾಗಿ.

ಕೆಳಗೆ ಬಂದು ಇದ್ದದ್ದನ್ನು ಇದ್ದಹಾಗೆ ಹೆಂಡತಿಗೆ ಹೇಳಿದೆ. ಅವಳು ಸೆರಗು ಬಾಯಿಗೆ ಒತ್ತಿಕೊಂಡು ಗೋಡೆಗೆ ಒರಗಿದಳು. "ಅಯ್ಯೋ ಶಿವನೇ, ನಾನ ನನ್ನ ಕೂಸಿನ ಗಂಟಲ ಕಟ್ಟಿದೆನಲ್ಲ" ಅಂದಳು. ಆಮೇಲೆ ಎದ್ದಳು. "ಕುರುಗೋಡಿಗೆ ಹೋಗಾಣು ನಡೀರಿ. ಅಯ್ಯನವರು ಬಿಡಿಸ್ತಾರ" ಅಂದಳು.

ಅಯ್ಯನವರು ಅಂದರೆ ಅವಳ ತವರಿನ ಗುರುಗಳು. ಅವಳಿಗೆ ದೀಕ್ಷೆ ಕೊಟ್ಟವರು ಅವರೇ. ಕುರುಗೋಡಿನ ಒಂದು ಸಣ್ಣ ಮಠದಲ್ಲಿ ಇರುತ್ತಾರೆ, ಕಿವಿ ಮಂದ, ಮಾತು ಒರಟು. ಬಸ್ಸಿನಲ್ಲಿ ಹೋಗುವಾಗ ದಾರಿಯುದ್ದಕ್ಕೂ ಇಬ್ಬರೂ ಫೋನನ್ನೇ ನೋಡುತ್ತಿದ್ದೆವು. ವಿಜಯಲಕ್ಷ್ಮಿಯಿಂದ ಒಂದು ಮೆಸೇಜು: ಜ್ವರ ಮತ್ತೆ ಏರಿದೆ. ಹೊರಗೆ ಗದ್ದೆಗಳಲ್ಲಿ ಮೆಣಸಿನಕಾಯಿ ಒಣಹಾಕಿದ್ದರು. ಬೇರೆ ದಿನವಾಗಿದ್ದರೆ ಬಸ್ಸಿನ ಕಿಟಕಿಯಿಂದಲೇ ಮಾಲಿನ ದರ ಕಟ್ಟುತ್ತಿದ್ದೆ.

ಅಯ್ಯನವರು ಮಠದ ಪಡಸಾಲೆಯಲ್ಲಿ ಕಾಲು ಚಾಚಿ ಕೂತಿದ್ದರು. ನಾವು ಅಡ್ಡಬಿದ್ದೆವು. ಅವರು ಒಳಗೆ ಕೂಗಿ ಹೇಳಿ ನಮಗೆ ನೀರು ತರಿಸಿದರು. ಬಿಸಿಲಲ್ಲಿ ಬಂದಿದ್ದೆ, ನಾನು ಗಟಗಟ ಕುಡಿದೆ. ಚನ್ನವೀರಮ್ಮ ತಂಬಿಗೆ ಪಕ್ಕಕ್ಕಿಟ್ಟು ಚೀಲದಿಂದ ತನ್ನ ಬಾಟ್ಲಿ ತೆಗೆದಳು. ರೂಢಿ. ಏನು ಮಾಡುತ್ತಿದ್ದೇನೆ ಅಂತ ಅವಳಿಗೇ ಗೊತ್ತಿರಲಿಲ್ಲ. ಅಯ್ಯನವರು ಅದನ್ನು ನೋಡಿದರು. ಆದರೆ ಮೊದಲು ನಮ್ಮ ಕಥೆ ಕೇಳಿದರು. ನಾನು ಅವರ ಕಿವಿ ಹತ್ತಿರ ಬಾಗಿ ಒದರಿ ಒದರಿ ಹೇಳಿದೆ.

"ನಾನೇನು ಮಾಡ್ಲಿ?" ಅಂದರು. "ಆಣಿ ಇಟ್ಟಾಕಿ ನೀನು, ತಗಿಯಾಕಿನೂ ನೀನ."

"ತಗದೀನ್ರಿ ಅಪ್ಪಾರ. ಆಕಿ ನಂಬವಲ್ಲಳು."

"ಹೆಂಗ ನಂಬ್ಯಾಳು? ನಿನಗ ದೀಕ್ಷಾ ಕೊಟ್ಟ ಮಠದ ನೀರು ನಿನಗ ಹೊರಗಿನ ನೀರು ಆತು. ಆ ಕೂಸಿಗೆ ಮಾತ್ರ ಪರದೇಶದ ನೀರು ಕುಡಿ ಅಂತಿ. ನಿನ್ನ ಹೊಟ್ಟಿಯಾಗ ಹುಟ್ಟಿದಾಕಿ ಅದಾಳ, ನಿನ್ನ ಅಂಜಿಕಿ ಆಕಿಗೆ ಗೊತ್ತಾಗಂಗಿಲ್ಲೇನು?"

ಚನ್ನವೀರಮ್ಮ ತನ್ನ ಕೈಯಲ್ಲಿದ್ದ ಬಾಟ್ಲಿ ನೋಡಿಕೊಂಡಳು. ಮುಖ ಕೆಂಪಾಯಿತು. ಪಾದ ಮುಟ್ಟಿ ಎದ್ದು ಸರಸರ ಬಸ್ ಸ್ಟ್ಯಾಂಡ್ ಕಡೆ ನಡೆದಳು. ನಾನು ಏದುಸಿರು ಬಿಡುತ್ತ ಹಿಂದೆ ಹಿಂದೆ ಓಡಿದೆ. ಅಲ್ಲಿ ತಗಡಿನ ಚಪ್ಪರದ ಒಂದು ಹೋಟೆಲು, ಮುಂದೆ ಎಣ್ಣೆ ಬಾಣಲಿ. ಬೆಂಚಿನ ಮೇಲೆ ಹೋಗಿ ಧಡಕ್ಕನೆ ಕೂತಳು.

"ಒಂದು ಪ್ಲೇಟ್ ವಗ್ಗರಣಿ, ಮಿರ್ಚಿ ಕೊಡ್ರಿ" ಅಂದಳು.

ನನ್ನ ಕಿವಿಯನ್ನೇ ನಂಬಲಾಗಲಿಲ್ಲ. "ಏ, ಏನ್ ಮಾಡಾಕತ್ತಿ?"

"ನೀವು ಫೋನ್ ಹಚ್ರಿ. ಹಿಡೀರಿ ನನ್ನ ಮುಂದ."

ಹಚ್ಚಿದೆ. ವಿಜಯಲಕ್ಷ್ಮಿ ಎತ್ತಿ, ಫೋನನ್ನು ಮಗಳ ಮುಂದೆ ಹಿಡಿದಳು. ಅಕ್ಷತಾಳ ಕಣ್ಣು ಗುಳಿಬಿದ್ದಿದ್ದವು. ಜ್ವರದಿಂದ ಕೆನ್ನೆ ಕೆಂಪು.

"ಅಕ್ಷೂ, ಇಲ್ಲಿ ನೋಡು" ಅಂದಳು ತಾಯಿ. "ಇದು ಕುರುಗೋಡು ಬಸ್ ಸ್ಟ್ಯಾಂಡು. ಯಾರ ಮಾಡಿದ್ರೋ ಗೊತ್ತಿಲ್ಲ, ಯಾವ ನೀರೋ ಗೊತ್ತಿಲ್ಲ." ಮಂಡಕ್ಕಿ ವಗ್ಗರಣಿ ಒಂದು ಹಿಡಿ ಬಾಯಿಗೆ ಹಾಕಿಕೊಂಡಳು. ಕಣ್ಣು ಗಟ್ಟಿ ಮುಚ್ಚಿ ಅಗಿದಳು. ನುಂಗಲು ಆಗಲಿಲ್ಲ. ಮತ್ತೆ ಅಗಿದಳು. ಕಣ್ಣಂಚಿನಿಂದ ನೀರು ಇಳಿಯಿತು. ನುಂಗಿದಳು. ಆಮೇಲೆ ಮೇಜಿನ ಮೇಲಿದ್ದ ಜಗ್ಗಿನಿಂದ ಸ್ಟೀಲ್ ಲೋಟಕ್ಕೆ ನೀರು ಬಗ್ಗಿಸಿಕೊಂಡು ಪೂರ್ತಿ ಕುಡಿದಳು.

ಬಾಣಲಿ ಮುಂದಿದ್ದ ಹೋಟೆಲಿನವನು ಮಿರ್ಚಿ ಎತ್ತುವ ಜಾರಿ ಹಿಡಿದುಕೊಂಡೇ ಇತ್ತ ತಿರುಗಿದ. "ಯಾಕ್ರಿ ಅಮ್ಮಾರ, ಖಾರ ಆತೇನ್ರಿ?" ಅಂದ.

"ಇಲ್ಲಪ್ಪ, ಚಲೋ ಐತಿ. ಇನ್ನೊಂದು ಮಿರ್ಚಿ ಹಾಕು" ಅಂದಳು.

ಆ ಕಡೆ ಮಗಳು ಬಾಯಿ ತೆರೆದು ನೋಡುತ್ತಿದ್ದಳು. "ಅವ್ವಾ, ಬ್ಯಾಡವ್ವಾ" ಅಂದಳು.

"ನನ್ನ ನೇಮ ಹೋತು. ನಿನ್ನ ಆಣಿ ಎಲ್ಲೈತಿ ಇನ್ನ? ಉಣ್ಣು" ಅಂದಳು ಚನ್ನವೀರಮ್ಮ.

ವಿಜಯಲಕ್ಷ್ಮಿ ಒಂದು ಬಟ್ಟಲು ಮುಂದೆ ಹಿಡಿದಳು. ಕುಂಬಳಕಾಯಿ, ಗಜ್ಜರಿ, ಆಲೂಗಡ್ಡೆ ಹಾಕಿದ ಸಾರು. ಮಾಂಸ ಸೋಕಿಸದೆ ತಾನೇ ಹಾಸ್ಟೆಲಿನಲ್ಲಿ ನಿಂತು ಮಾಡಿಸಿಕೊಂಡು ಬಂದಿದ್ದಳಂತೆ. ಪಕ್ಕದಲ್ಲಿ ಅವರೂರಿನ ದುಂಡನೆಯ ರೊಟ್ಟಿ, ನಮ್ಮ ತಟ್ಟೆಯಷ್ಟು ಅಗಲ, ಬಲು ದಪ್ಪ. ಮಗಳು ಚಮಚ ಎತ್ತಿದಳು, ಇಳಿಸಿದಳು. ಮತ್ತೆ ಎತ್ತಿದಳು. ಫೋನ್ ಹಿಡಿದ ನನ್ನ ತೋಳು ಸೋತು ಬರುತ್ತಿತ್ತು. ಕೊನೆಗೆ ಚಮಚ ಬಾಯಿಗೆ ಹೋಯಿತು.

ನುಂಗಿದ ಮೇಲೆ ಅವಳು ಕೇಳಿದ ಮೊದಲ ಮಾತು, "ಅವ್ವಾ, ಹೆಂಗದೀ?"

"ಗುಂಡುಕಲ್ಲು ಇದ್ದಂಗ ಅದೀನಿ. ನೀ ಹೆಂಗದೀ?"

ಬಿಷ್ಕೆಕ್‌ನಲ್ಲೊಬ್ಬಳು, ಕುರುಗೋಡಿನಲ್ಲೊಬ್ಬಳು, ಇಬ್ಬರೂ ಒಂದೊಂದು ತುತ್ತು ತಿಂದು, ಇನ್ನೊಬ್ಬಳು ಇದ್ದಾಳೋ ಇಲ್ಲವೋ ಅಂತ ನೋಡುತ್ತ ಕೂತರು. ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಉಳಿದ ಮಿರ್ಚಿ ನಾನು ತಿಂದು, ಅದೇ ಜಗ್ಗಿನ ನೀರು ಕುಡಿದೆ.

ಇಲ್ಲಿಗೆ ಮುಗಿಯಿತು ಅಂತ ನೀವು ತಿಳಿದರೆ, ನಾನೂ ಹಾಗೇ ತಿಳಿದಿದ್ದೆ. ಬಳ್ಳಾರಿಗೆ ವಾಪಸ್ ಬರುವ ಬಸ್ಸಿನಲ್ಲಿ ಹೆಂಡತಿ ನನ್ನ ಭುಜಕ್ಕೆ ಒರಗಿ ನಿದ್ದೆ ಮಾಡಿದಳು. ಮನೆಗೆ ಬಂದು ದೀಪ ಹಚ್ಚುವ ಹೊತ್ತಿಗೆ ಹೊಟ್ಟೆ ಹಿಡಿದುಕೊಂಡು ಬಗ್ಗಿದಳು. ಆಮೇಲೆ ಶುರುವಾಯಿತು ನೋಡಿ, ವಾಂತಿ, ಭೇದಿ. ನೀರೋ, ಮಿರ್ಚಿಯೋ, ಇಷ್ಟು ವರ್ಷ ಏನೂ ರೂಢಿ ಇಲ್ಲದ ಅವಳ ಹೊಟ್ಟೆಯೋ, ಶಿವನೇ ಬಲ್ಲ. ಅದೇ ಜಗ್ಗಿನ ನೀರು ನಾನೂ ಕುಡಿದಿದ್ದೆ, ನನಗೆ ಏನೂ ಆಗಲಿಲ್ಲ. ಬೆಳಗಾಗುವ ಹೊತ್ತಿಗೆ ಅವಳ ಕಣ್ಣು ಒಳಗೆ ಹೋಗಿದ್ದವು. ಆಟೋದಲ್ಲಿ ಹಾಕಿಕೊಂಡು ಹತ್ತಿರದ ನರ್ಸಿಂಗ್ ಹೋಮಿಗೆ ಒಯ್ದೆ. ಡಾಕ್ಟರು ನೋಡಿದ ಕೂಡಲೇ ಸಲೈನ್ ಹಚ್ಚಿದರು. ಬಿ.ಪಿ. ಬಹಳ ಇಳಿದಿದೆ, ಎರಡು ದಿನ ಇರಲಿ ಅಂದರು.

ಅಷ್ಟು ನಿತ್ರಾಣದಲ್ಲೂ ಅವಳು ನನ್ನ ಅಂಗಿಯ ತೋಳು ಹಿಡಿದು ಜಗ್ಗಿದಳು. "ಅಕ್ಷೂಗ ಹೇಳಬ್ಯಾಡ್ರಿ. ಗೊತ್ತಾದ್ರ ಆಣಿ ತಟ್ಟಿತು ಅಂತಾಳ. ಮತ್ತ ಬಾಯಿ ಕಟ್ಟತಾಳ."

ಬಾಯಿ ಬಿಟ್ಟರೆ ಬಣ್ಣಗೇಡು ಅಂತಾರಲ್ಲ, ನನ್ನ ಸ್ಥಿತಿ ಅದೇ ಆಯಿತು. ಸುಳ್ಳು ಹೇಳಲಿಕ್ಕೆ ನಾನು ಹಿಂದೆ ಬಿದ್ದವನಲ್ಲ, ವ್ಯಾಪಾರಸ್ಥ. ಆದರೆ ಈ ಸುಳ್ಳು ಬೇರೆ. ಬೆಳಿಗ್ಗೆ ಮಗಳಿಗೆ ಫೋನ್ ಮಾಡಿ "ಅವ್ವ ಪೂಜಿಗೆ ಕುಂತಾಳ" ಅಂದೆ. ಮಧ್ಯಾಹ್ನ "ಮಲಗ್ಯಾಳ" ಅಂದೆ. ಆ ಕಡೆ ಮಗಳು, ಜ್ವರ ಇಳಿದಿದೆ, ಹರಳು ತಾನೇ ಹೋಗಬಹುದು ಅಂದಾರ, ಬೆಳಿಗ್ಗೆ ಗಂಜಿ ಕುಡಿದೆ, ಮೊಸರು ತಿಂದೆ ಅಂತ ಹೇಳುತ್ತಿದ್ದಳು. ಪ್ರತಿ ಮಾತಿನ ಕೊನೆಗೆ, "ಅವ್ವಗ ಫೋನ್ ಕೊಡಪ್ಪ". ಸಂಜೆಗೆ ದನಿ ಬದಲಾಯಿತು. "ಅಪ್ಪಾ, ಅವ್ವನ್ನ ತೋರಿಸು. ಇಲ್ಲಾಂದ್ರ ನಾ ಉಣ್ಣಂಗಿಲ್ಲ."

ಹತ್ತು ನಿಮಿಷ ತಡಿ ಅಂದು ಫೋನ್ ಇಟ್ಟೆ. ನರ್ಸಮ್ಮನ ಕಾಲು ಹಿಡಿಯುವುದೊಂದು ಬಾಕಿ. ಆ ಪುಣ್ಯಾತ್ಗಿತ್ತಿ ಚನ್ನವೀರಮ್ಮನ ತಲೆ ಬಾಚಿ, ದಿಂಬು ಏರಿಸಿ ಕೂರಿಸಿದಳು. ನಾನು ಹಣೆಗೆ ವಿಭೂತಿ ಹಚ್ಚಿದೆ. ಸೂಜಿ ಚುಚ್ಚಿದ ಕೈಯನ್ನು ಹೊದಿಕೆ ಕೆಳಗೆ ಮುಚ್ಚಿದೆವು. ಮುಖ ಮಾತ್ರ ಕಾಣುವ ಹಾಗೆ ಫೋನನ್ನು ಮೂಗಿನ ಹತ್ತಿರ ಹಿಡಿದೆ.

"ಏನವ್ವ, ಉಂಡ್ಯೇನು?" ಅಂದಳು ಚನ್ನವೀರಮ್ಮ. ಸಂತೆಯಲ್ಲಿ ಕೂಗುವಂತೆ ದನಿ ಎತ್ತರಿಸಿದ್ದಳು. ಸುಳ್ಳು ಗಟ್ಟಿಯಾಗಿ ಹೇಳಿದರೆ ನಿಜವಾಗುತ್ತದೆ ಅಂತ ಯಾರು ಹೇಳಿಕೊಟ್ಟರೋ ಅವಳಿಗೆ.

ಮಗಳ ತೊಡೆಯ ಮೇಲೆ ಬಟ್ಟಲು ಇತ್ತು. ಚಮಚ ಕೈಯಲ್ಲಿತ್ತು. ತಿನ್ನಲಿಲ್ಲ. "ಯಾಕವ್ವ ಇಷ್ಟು ಹತ್ರ ಹಿಡದೀ? ಹಿಂದ ಹೋಗು."

"ಇಲ್ಲಿ ಕರೆಂಟ್ ಇಲ್ಲವ್ವ, ಕತ್ತಲಿ."

"ಮುಖದ ಮ್ಯಾಲೆ ಬೆಳಕು ಬಿದ್ದೈತಿ."

ಬೆಳಗಿನಿಂದ ಹೊಟ್ಟೆಗೆ ಏನೂ ಇರಲಿಲ್ಲ, ರಾತ್ರಿಯ ನಿದ್ದೆಯೂ ಇಲ್ಲ. ಹಿಡಿತ ತಪ್ಪಿ ಫೋನು ವಾರೆಯಾಯಿತು. ಕಬ್ಬಿಣದ ಸ್ಟ್ಯಾಂಡು, ಅದಕ್ಕೆ ತೂಗುಹಾಕಿದ ಸಲೈನ್ ಬಾಟ್ಲಿ, ಹೊದಿಕೆಯೊಳಗೆ ಇಳಿದ ನಳಿಗೆ, ಎಲ್ಲ ಪರದೆಯಲ್ಲಿ ಕಂಡವು. ನಾನು ಥಟ್ಟನೆ ಸರಿಪಡಿಸಿದೆ. ಆದರೆ ಆ ಕಡೆ ಮಗಳ ಚಮಚ ಬಟ್ಟಲಿಗೆ ಬಿದ್ದ ಸದ್ದು ಕೇಳಿಸಿತು.

ಮುಗಿಯಿತು ಅಂದುಕೊಂಡೆ. ಇನ್ನು ಇವಳು ಜನ್ಮದಲ್ಲಿ ಬಾಯಿ ತೆರೆಯುವುದಿಲ್ಲ. ನನ್ನ ಕೈಯಾರೆ ನನ್ನ ಮಗಳನ್ನು ಕಳಕೊಂಡೆ.

ಚನ್ನವೀರಮ್ಮ ಹೊದಿಕೆಯೊಳಗಿನ ಕೈ ಹೊರಗೆ ತೆಗೆದಳು. ಮುಚ್ಚಿಡಲಿಕ್ಕೆ ಇನ್ನೇನೂ ಉಳಿದಿರಲಿಲ್ಲ. "ಅಕ್ಷೂ, ಇದು ಆಣಿ ಅಲ್ಲವ್ವ. ನಿನ್ನ ಪಾದ ಮುಟ್ಟಿ ಹೇಳ್ತೀನಿ, ಆಣಿ ಅಲ್ಲ" ಅಂತ ಗೋಗರೆದಳು. ತಾಯಿಯಾದವಳು ಮಗಳಿಗೆ ಆಡುವ ಮಾತಲ್ಲ ಅದು.

ಅಕ್ಷತಾ ತಾಯಿಯ ಕೈಯ ಸೂಜಿ ನೋಡಿದಳು, ಆಮೇಲೆ ಮುಖ ನೋಡಿದಳು.

"ಎಷ್ಟು ಸಲ ಹೋದಿ?" ಅಂದಳು.

"ಏನು?"

"ಭೇದಿ ಎಷ್ಟು ಸಲ ಆತು? ರಕ್ತ ಬಿತ್ತೇನು? ಜ್ವರ ಐತೇನು? ಉಚ್ಚಿ ಆಗಾಕತ್ತೈತೇನು?"

ಚನ್ನವೀರಮ್ಮ ಕಕ್ಕಾಬಿಕ್ಕಿಯಾಗಿ ನನ್ನ ಮುಖ ನೋಡಿದಳು. ಒಂದೊಂದಕ್ಕೇ ಉತ್ತರ ನಾನು ಹೇಳಿದೆ. ರಕ್ತ ಇಲ್ಲ. ಜ್ವರ ಇಲ್ಲ. ಮಧ್ಯಾಹ್ನದಿಂದ ನಿಂತಿದೆ. ಮಗಳು ಪ್ರತಿಯೊಂದಕ್ಕೂ ತಲೆಯಾಡಿಸಿದಳು. ಕಣ್ಣಲ್ಲಿ ನೀರು ತುಂಬಿತ್ತು. ಆದರೆ ಕೇಳುವುದನ್ನು ನಿಲ್ಲಿಸಲಿಲ್ಲ.

"ಕಾಯಿಸಿದ ನೀರು ಕೇಳಿ ಇಸ್ಕೋಬೇಕಿತ್ತವ್ವ" ಅಂದಳು ಕೊನೆಗೆ. "ರೂಢಿ ಇಲ್ಲದ ಹೊಟ್ಟಿ ನಿಂದು. ಒಮ್ಮಿಗೇ ಅಷ್ಟು ಎಣ್ಣಿ ತಿಂದ್ರ ಇನ್ನೇನಾಗತೈತಿ? ಓಆರ್‌ಎಸ್ ಕುಡಿ. ಗುಟುಕು ಗುಟುಕು. ನಾಳಿಗೆ ಆರಾಮ ಆಗ್ತಿ."

"ಆಗ್ತೀನೇನವ್ವ?"

"ಆಗ್ತಿ."

ಅಷ್ಟು ಹೇಳಿ ಮಗಳು ಬಟ್ಟಲೊಳಗೆ ಬಿದ್ದ ಚಮಚವನ್ನು ಎತ್ತಿ ಒರೆಸಿದಳು. ಸಲೈನ್ ಬಾಟ್ಲಿಯ ಕಡೆ ನೋಡದೆ, ತಾಯಿಯ ಮುಖವನ್ನೇ ನೋಡುತ್ತ, ಆ ಪರದೇಶದ ಸಾರು ಒಂದು ಚಮಚ ಬಾಯಿಗೆ ಹಾಕಿಕೊಂಡಳು. ನುಂಗಿದಳು. ಇನ್ನೊಂದು ಚಮಚ. ಆ ದಪ್ಪ ರೊಟ್ಟಿ ಮುರಿದು ಅದರಲ್ಲಿ ಅದ್ದಿದಳು. ಅಳುತ್ತಲೇ ತಿಂದಳು, ಬಟ್ಟಲಿನ ತಳ ಕಾಣುವ ತನಕ ತಿಂದಳು. ನಾನು ಕೈ ಬದಲಿಸಿ ಬದಲಿಸಿ ಫೋನ್ ಹಿಡಿದು ನಿಂತಿದ್ದೆ.

ಚನ್ನವೀರಮ್ಮ ಸೂಜಿ ಇರುವ ಕೈಯಿಂದಲೇ ಮೂಗು ಒರೆಸಿಕೊಂಡಳು. "ಇನ್ನೊಂದೀಟು ಹಾಕಿಸ್ಕೊ" ಅಂದಳು.